ಬಾಜೂ ಮನೆಯ ಮೀಟರು

ಮನೆಯ ಗೋಡೆಗೆ ಯಾವ ಬಣ್ಣ, ಕಿಟಕಿಗೆ ಯಾವ ಪರದೆ ಎಂದು ತಿಂಗಳುಗಟ್ಟಲೆ ಚರ್ಚಿಸುವ ನಾವು ಆ ಗೋಡೆಯ ಹೊಟ್ಟೆಯಲ್ಲಿ ಏನಿದೆ ಎಂದು ಎಂದೂ ಕೇಳುವುದಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರಬೇಕು, ಅಷ್ಟೇ. ಅದು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು ಎನ್ನುವುದು ನನಗಂತೂ ಬೇಡವಾಗಿತ್ತು. ನನ್ನ ಪ್ರೀತಿಯೆಲ್ಲ ನೀರಿನ ಬಿಲ್ಲಿನ ಮೇಲೆ. ನಮ್ಮ ಬಿಲ್ಲು ವರ್ಷಾನುಗಟ್ಟಲೆ ಕನಿಷ್ಠ ದರವನ್ನು ದಾಟಿರಲಿಲ್ಲ. ಖಾನಾಪುರದ ಶಾಲೆಯೊಂದರಲ್ಲಿ ನಾನು ಮುಖ್ಯೋಪಾಧ್ಯಾಯಿನಿ. ಅಲ್ಲಿಯ ಸ್ಟಾಫ್ ರೂಮಿನಲ್ಲಿ ಆ ಬಿಲ್ಲನ್ನು ಬಿಡಿಸಿ ತೋರಿಸಿ, ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುವುದರಿಂದ ಹಿಡಿದು ಬಕೆಟ್ ಸ್ನಾನದವರೆಗೆ ಉಪನ್ಯಾಸ ಕೊಟ್ಟವಳು ನಾನು. ಕೇಳಿದವರೆಲ್ಲ ತಲೆದೂಗಿದರು. ಮುಖ್ಯೋಪಾಧ್ಯಾಯಿನಿ ಮಾತಾಡುವಾಗ ತಲೆದೂಗದೆ ಅವರಿಗೂ ಬೇರೆ ದಾರಿಯಿರಲಿಲ್ಲ.

ನಮ್ಮ ಮನೆ ಇರುವುದು ಬೆಳಗಾವಿಯ ಅನಗೋಳದ ಒಂದು ಕಿರಿದಾದ ಓಣಿಯಲ್ಲಿ. ನನ್ನ ಮಾವನವರು ಕಟ್ಟಿಸಿದ ಮನೆ. ಎದೆಯೆತ್ತರದ ಕಂಪೌಂಡಿನ ಆಚೆಗೆ ಚೌಗುಲೆ ಕಾಕಾ ಮತ್ತು ಕಾಕು. ಕಾಕಾ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದವರು, ಈಗ ಅದನ್ನು ಮುಚ್ಚಿ ಕಟ್ಟೆಯ ಮೇಲೆ ಕುಳಿತು ಪೇಪರು ಓದುತ್ತಾರೆ. ಓಣಿಗೆ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಎರಡು ವರ್ಷದ ಹಿಂದೆ, ನೀರು ಬಂದ ದಿನವೆಲ್ಲ ನಮ್ಮ ನಲ್ಲಿ ಒಂದಿಷ್ಟು ಹೊತ್ತು ಸುರಿದು, ಆಮೇಲೆ ಕೆಮ್ಮಿ, ಗಾಳಿ ಉಗುಳಿ ನಿಂತುಬಿಡತೊಡಗಿತು. ಕಂಪೌಂಡಿನ ಆಚೆ ಗುರ್ ಎನ್ನುವ ಸದ್ದು. ಇಣುಕಿ ನೋಡಿದರೆ ಕಾಕಾ ನೀರಿನ ಪೈಪಿಗೇ ಮೋಟರು ಹಚ್ಚಿದ್ದರು. ಹಾಗೆ ಹಚ್ಚುವುದು ತಪ್ಪು ಎಂದು ನಾನು ತಿಳಿಹೇಳಿದೆ. "ಮ್ಯಾಲಿನ ಟಾಕಿಗೆ ನೀರ ಏರವಲ್ದು ತಂಗಿ, ಏನ್ ಮಾಡ್ಲಿ?" ಎಂದರು. ನಾನು ಎರಡು ಪುಟದ ಅರ್ಜಿ ಬರೆದು ನೀರಿನ ಕಚೇರಿಗೆ ಕೊಟ್ಟೆ. ಒಂದರಿಂದ ಆರರವರೆಗೆ ಅಂಶಗಳು, ಕೆಂಪು ಗೆರೆ, ಅಚ್ಚುಕಟ್ಟಾದ ಅಕ್ಷರ. ವಾರದೊಳಗೆ ಇಬ್ಬರು ಬಂದು, ಓಣಿಯವರೆಲ್ಲ ನೋಡುತ್ತಿರುವಾಗ ಮೋಟರು ಕಿತ್ತು ಗಾಡಿಯಲ್ಲಿ ಹಾಕಿಕೊಂಡು ಹೋದರು. ಅಂದಿನಿಂದ ಕಾಕು, ಮೊಣಕಾಲು ನೋವಿನ ಕಾಕು, ಕೆಳಗಿನ ನಲ್ಲಿಯಲ್ಲಿ ತುಂಬಿದ ಬಕೆಟ್ಟನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ ಮೇಲೆ ಒಯ್ಯುವುದು ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ನಿಯಮ ಎಂದರೆ ನಿಯಮ ಎಂದುಕೊಂಡು ನಾನು ಒಗ್ಗರಣೆಯ ಕಡೆಗೆ ತಿರುಗುತ್ತಿದ್ದೆ. ಕಾಕಾ ಅಂದಿನಿಂದ ನನ್ನನ್ನು ತಂಗಿ ಎನ್ನುವುದನ್ನು ಬಿಟ್ಟು ಟೀಚರ್ ಎನ್ನತೊಡಗಿದರು.

ಈ ವರ್ಷ ಅಡುಗೆಮನೆಯ ಗೋಡೆ ಉಬ್ಬಿಕೊಂಡಿತು. ನಲ್ಲಿಯಲ್ಲಿ ಕೆಂಪು ನೀರು. ಅನ್ನಕ್ಕೆ ಕೇಸರಿ ಹಾಕಿದಂಥ ಬಣ್ಣ. ಊರಿನ ಪ್ಲಂಬರುಗಳು ಮೂವರು ಬಂದರು, ಗೋಡೆ ನೋಡಿದರು, ಚಹಾ ಕುಡಿದರು, ನಾಳೆ ಬರುತ್ತೇವೆಂದು ಹೋದರು. ಕೊನೆಗೆ ನೆನಪಾದವನು ಖಾನಾಪುರದ ಪರಶುರಾಮ. ಅವನ ಮಗಳು ಸುಜಾತಾ ನಮ್ಮ ಶಾಲೆಯಲ್ಲಿ ಏಳನೆಯ ತರಗತಿ. ಅವನು ಬೆಳಗಿನ ಮೊದಲ ಬಸ್ಸಿಗೆ ಬಂದು, ಗೋಡೆಗೆ ಕಿವಿ ಹಚ್ಚಿ ಸುತ್ತಿಗೆಯಿಂದ ತಟ್ಟಿ ನೋಡಿ ಹೇಳಿದ: "ಅಕ್ಕೋರ, ಇದ್ರಾಗ ಪೈಪ್ ಉಳದಿಲ್ರಿ. ಬರೇ ಜಂಗ್ ಐತಿ. ಜಂಗ್ ಜಂಗಿನ ಕೈ ಹಿಡಕೊಂಡ ನಿಂತೈತಿ ಅಂತ ನೀರ ಬರಾಕತ್ತೈತಿ."

ತುಕ್ಕು ತಿಂದ ಪೈಪು ಬದಲಿಸಲು ಖರ್ಚು ಎಷ್ಟು ಎಂದು ಕೇಳಿದೆ. ಅವನು ಹೇಳಿದ ಮೊತ್ತ ಅಂಥ ದೊಡ್ಡದೇನಲ್ಲ. ಆಗಲಿ ಎಂದೆ. ಪೈಪು ಬದಲಿಸುವ ಖರ್ಚು ಪೈಪಿನಲ್ಲಿ ಇರುವುದಿಲ್ಲ ಎಂದು ಅರ್ಥವಾದದ್ದು ಗೋಡೆ ಒಡೆದ ಮೇಲೆ. ಹಳೆಯದನ್ನು ಕೀಳಲು ಗೋಡೆ ಕೊರೆಯಬೇಕು. ಕೊರೆದ ಗೋಡೆ ಮುಚ್ಚಲು ಗೌಂಡಿ ಬರಬೇಕು. ಗೌಂಡಿ ಬಂದರೆ ಸಿಮೆಂಟು, ಉಸುಕು. ಬಚ್ಚಲಿನ ಹಸಿರು ಟೈಲ್ಸು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಆದ್ದರಿಂದ ನಾಲ್ಕು ಟೈಲ್ಸಿನ ಬದಲು ಇಡೀ ಬಚ್ಚಲಿಗೆ ಹೊಸದು. ಬಳೆ ಮಾಡಿಸಬೇಕೆಂದು ನಾನು ತೆಗೆದಿಟ್ಟಿದ್ದ ಹಣದಲ್ಲಿ ಒಂದು ಬಳೆ ಅಡುಗೆಮನೆಯ ಗೋಡೆಯೊಳಗೆ ಹೋಯಿತು, ಇನ್ನೊಂದು ಬಚ್ಚಲಿಗೆ ಇಳಿಯಿತು. ಮೂರು ದಿನ ನಾವು ಗಂಡ ಹೆಂಡತಿ ಧೂಳಿನಲ್ಲಿಯೇ ಉಂಡೆವು, ಧೂಳಿನಲ್ಲಿಯೇ ಮಲಗಿದೆವು.

ಶನಿವಾರ ಒಳಗಿನ ಕೆಲಸ ಮುಗಿದಿತ್ತು. ಗೇಟಿನ ಬಳಿಯ ಮೀಟರಿನಿಂದ ನೆಲದ ಟಾಕಿಯವರೆಗಿನ ಪೈಪು ಒಂದು ಉಳಿದಿತ್ತು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಪರಶುರಾಮ ಕಂಪೌಂಡಿನ ಪಕ್ಕದಲ್ಲಿ ಅಗೆಯುತ್ತಿದ್ದವನು ಕೈ ನಿಲ್ಲಿಸಿದ. "ಅಕ್ಕೋರ, ಒಂದೀಟ ಇಲ್ಲಿ ಬರ್ರಿ" ಎಂದ. ದನಿ ಸಣ್ಣದಾಗಿತ್ತು.

ಹೋಗಿ ನೋಡಿದೆ. ನಮ್ಮ ಮೀಟರಿನಿಂದ ಬಂದ ಪೈಪು ಎರಡು ಮಾರು ಬಂದು ಅಲ್ಲಿಯೇ ಮುಗಿದಿತ್ತು. ಅದರ ಬಾಯಿಗೆ ಮುಚ್ಚಳ. ನಮ್ಮ ಟಾಕಿಗೆ ನೀರು ತರುವ ಪೈಪು ಬೇರೆಯೇ ದಿಕ್ಕಿಗೆ ತಿರುಗಿ ಕಂಪೌಂಡಿನ ಅಡಿಯಲ್ಲಿ ಹೋಗಿತ್ತು.

"ಇದು ಎಲ್ಲಿಗೆ ಹೊಂಟೈತಿ?" ಎಂದು ಕೇಳಿದೆ. ಅವನು ಕಂಪೌಂಡಿನ ಕಡೆ ನೋಡಿದ. ಆಚೆ, ನಾಲ್ಕು ಮಾರು ದೂರದಲ್ಲಿ ಕಾಕಾ ಪೇಪರು ಓದುತ್ತಿದ್ದರು.

ನಾನು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತೆ. ಪರಶುರಾಮ ಪಿಸುಗುಟ್ಟಿದ: "ನಿಮ್ಮ ಲೈನ್ ಎಂದೋ ಕಟ್ಟಿ ಬಂದ್ ಆಗೇತ್ರಿ. ಆವಾಗ ಯಾರೋ ಬಾಜೂದವರ ಪೈಪಿಗೆ ಇದನ್ನ ಜೋಡಿಸಿ ಹೋಗ್ಯಾರ. ಅದೂ ಅವರ ಮೀಟರ್ ದಾಟಿದ ಮ್ಯಾಲ. ನೀವ ಬಳಸಿದ್ದೆಲ್ಲಾ ಅವರ ಬಿಲ್ಲಿಗೆ ಬೀಳತೈತಿ."

ನಮ್ಮ ಮೀಟರು ಯಾಕೆ ತಿರುಗುತ್ತಿರಲಿಲ್ಲ ಎಂದು ಆಗ ತಿಳಿಯಿತು. ಇನ್ನೊಂದು ಪ್ರಶ್ನೆ ಉಳಿದಿತ್ತು. ಉತ್ತರ ಗೊತ್ತಾಗುತ್ತಿದ್ದರೂ ಕೇಳಿದೆ: "ಮತ್ತ ಅವರ ಮ್ಯಾಲಿನ ಟಾಕಿಗೆ ನೀರು ಯಾಕ ಏರತಿರಲಿಲ್ಲ?"

"ಹೆಂಗ ಏರತೈತ್ರಿ? ನಿಮ್ಮ ಟಾಕಿ ನೆಲದಾಗ ಐತಿ. ನೀರ ಮೊದಲ ತಗ್ಗಿಗೆ ಇಳೀತೈತಿ. ನಿಮ್ಮದು ತುಂಬಿ ಉಳದಿದ್ದು ಅವರಿಗೆ."

ಅಂದರೆ ಕಾಕಾ ಮೋಟರು ತಂದದ್ದು ನಮ್ಮಿಂದಾಗಿ. ಅವರ ಮೋಟರು ಅವರ ನೀರನ್ನೇ ನಮ್ಮಿಂದ ಮರಳಿ ಎಳೆದುಕೊಳ್ಳುತ್ತಿದ್ದಾಗ ನಾನು ಆರು ಅಂಶಗಳ ಅರ್ಜಿ ಬರೆದೆ.

ಪರಶುರಾಮ ಕೈಯ ಮಣ್ಣು ಒರೆಸಿಕೊಂಡ. "ಇಲ್ಲೇ ಕಟ್ ಮಾಡಿ ಮುಚ್ಚತೇನ್ರಿ. ಮಣ್ಣ ಎಳದ ಬಿಟ್ಟರ ಯಾರಿಗೂ ತಿಳಿಯಂಗಿಲ್ಲ. ನೀವ ಹೇಳಿದಂಗ ಮಾಡತೇನಿ. ನೀವ ಏನ ಮಾಡಿದರೂ ಬರೋಬ್ಬರಿ ಇರತೈತಿ ಅಂತ ನಮ್ಮ ಸುಜಾತಾ ಮನ್ಯಾಗ ಹೇಳತಿರತಾಳ." ಅದರಲ್ಲಿ ಕುಹಕವೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಕಂಪೌಂಡಿನ ಆಚೆಯಿಂದ ಪೇಪರು ಮಡಚಿದ ಸದ್ದು. "ಏನ್ ಟೀಚರ್, ಏನಾರ ಸಿಕ್ತೇನು?"

"ಏನಿಲ್ಲ ಕಾಕಾ, ಬರೇ ಕಲ್ಲು" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಪರಶುರಾಮ ನೆಲ ನೋಡುತ್ತಿದ್ದ. ಆ ಜೋಡಣೆಯನ್ನು ಸದ್ಯಕ್ಕೆ ಹಾಗೆಯೇ ಬಿಟ್ಟು ಗುಂಡಿಯ ಮೇಲೆ ಒಂದು ತಗಡು ಮುಚ್ಚಲು ಹೇಳಿ, ಮಂಗಳವಾರ ಬಾ ಎಂದು ಅವನನ್ನು ಖಾನಾಪುರಕ್ಕೆ ಕಳಿಸಿದೆ. ಮಂಗಳವಾರವೇ ಓಣಿಗೆ ನೀರು ಬರುವ ದಿನ. ಅಷ್ಟರೊಳಗೆ ನಾನು ಏನಾದರೂ ಒಂದು ನಿರ್ಧರಿಸಬೇಕಿತ್ತು.

ಭಾನುವಾರ ನಮ್ಮ ಮನೆಯವರು ಲಿಂಗಪೂಜೆ ಮುಗಿಸುವವರೆಗೆ ಕಾದು ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಪೂಜೆಯ ತಂಬಿಗೆಯನ್ನು ನೋಡಿದರು. "ಇಷ್ಟ ವರ್ಷ ಕಾಕಾರ ನೀರಾಗ ಪೂಜಾ ಮಾಡೇನಿ ಅಂದಂಗಾತು."

"ಈಗ ಏನ್ ಮಾಡೂಣು?"

"ಹೇಳೂದು. ಮತ್ತೇನ ಐತಿ?"

"ನೀವ ಹೇಳತೀರೇನು?"

"ಅರ್ಜಿ ಬರಿಯಾಕ ನನ್ನ ಕೇಳಿದ್ದೇನು?" ಎಂದು ಅವರು ತಂಬಿಗೆ ಇಟ್ಟು ಎದ್ದರು. ಆ ದಿನವಿಡೀ ನಾನು ಅಂಗಳಕ್ಕೆ ಇಳಿಯಲಿಲ್ಲ. ಗಾಳಿಗೆ ತಗಡು ಕಟಕಟ ಎಂದಾಗಲೆಲ್ಲ, ಕಾಕಾ ಅದನ್ನು ಎತ್ತಿ ನೋಡುತ್ತಿದ್ದಾರೆ ಎಂದು ಕಿಟಕಿಗೆ ಓಡುತ್ತಿದ್ದೆ.

ಸೋಮವಾರ ಶಾಲೆಗೆ ಹೋದೆ. ಮಧ್ಯಾಹ್ನ ಹಾಜರಿ ಪುಸ್ತಕ ತಂದ ಸುಜಾತಾ ಮೇಜಿನ ಮುಂದೆ ನಿಂತಳು. "ಅಕ್ಕೋರ, ನಿಮ್ಮ ಮನಿ ಪೈಪಿನ ಕೆಲಸ ಮುಗೀತೇನ್ರಿ? ಎಲ್ಲಿ ಕೆಲಸಕ್ಕ ಹೋದ್ರೂ ಅಪ್ಪ ಬಂದು ಅಲ್ಲಿ ಸುದ್ದಿ ಎಲ್ಲಾ ಹೇಳತಾನ್ರಿ. ನಿಮ್ಮ ಮನೀದ ಕೇಳಿದರ ಮಾತಾಡವಲ್ಲ."

ನನಗಾಗಿ ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಊಟದ ಹೊತ್ತಿಗೆ ಬಾಯಿ ಬಿಗಿದು ಕುಳಿತಿದ್ದಾನೆ. ನಾನು ಅವನಿಗೆ ಸುಮ್ಮನಿರು ಎಂದು ಹೇಳಿಯೂ ಇರಲಿಲ್ಲ. ನಾಲ್ಕು ಗಂಟೆಗೇ ಶಾಲೆ ಬಿಟ್ಟು ಬೆಳಗಾವಿಯ ಬಸ್ಸು ಹಿಡಿದೆ. ಕಾಕಾ ಕಾಕು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಊಟಕ್ಕೆ ಕೂರುವ ಮೊದಲು ಹೇಳಿದರೆ ಅವರ ಅನ್ನ ಕೆಡುತ್ತದೆ, ತಡವಾದರೆ ನನ್ನ ಧೈರ್ಯ ಕೆಡುತ್ತದೆ. ಬಸ್ಸು ಪ್ರತಿ ನಿಲ್ದಾಣದಲ್ಲಿ ನಿಂತಾಗ ಸಿಟ್ಟೂ ಬರುತ್ತಿತ್ತು, ಒಳಗೊಳಗೆ ಸಮಾಧಾನವೂ ಆಗುತ್ತಿತ್ತು.

ನಾನು ಹೋದಾಗ ಕಾಕು ತಟ್ಟೆ ತೊಳೆಯುತ್ತಿದ್ದರು. ನಲ್ಲಿಯ ಬಾಯಿಗೆ ನೀರು ಸೋಸುವ ಬಿಳಿ ಬಟ್ಟೆ ಕಟ್ಟಿತ್ತು. "ಬರ್ರಿ, ಕುಂದರ್ರಿ" ಎಂದರು, ಎರಡು ವರ್ಷದಿಂದ ಬರದೇ ಇದ್ದವಳನ್ನು ನಿನ್ನೆಯಷ್ಟೇ ಬಂದುಹೋದವಳಂತೆ ಕರೆದು. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಶನಿವಾರ ಸಿಕ್ಕದ್ದು ಕಲ್ಲಲ್ಲ ಎಂಬುದನ್ನೂ ಹೇಳಿದೆ.

ಕಾಕಾ ಎದ್ದು ನಮ್ಮ ಅಂಗಳಕ್ಕೆ ಹೋದರು. ತಗಡು ಎತ್ತಿ, ಗುಂಡಿಯಲ್ಲಿ ಬಹಳ ಹೊತ್ತು ನೋಡಿದರು. ವಾಪಸು ಬಂದು ಕುಳಿತರು.

"ನೀರಿಂದೇನಿಲ್ಲ" ಎಂದರು. "ನಿಮ್ಮ ಮಾವ ಕೇಳಿದ್ದರ ನಾನ ಕೊಡತಿದ್ದೆ. ಆದರ ಓಣಿ ಮಂದಿ ಮುಂದ ಮೋಟರ್ ಹೊತಗೊಂಡ ಹೋದ್ರಲ್ಲ ತಂಗಿ. ಇಡೀ ಜನ್ಮ ಅಂಗಡಿ ನಡಿಸೇನಿ, ತಕ್ಕಡಿ ಒಂದ ದಿನ ತಪ್ಪಿಲ್ಲ. ಅವತ್ತ ನನ್ನ ಕಳ್ಳನ್ನ ಮಾಡಿದಿ."

ಕಾಕು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಇಷ್ಟು ವರ್ಷದ ಬಿಲ್ಲು ನಾನು ಕಟ್ಟುತ್ತೇನೆ ಎಂದೆ. ಕಾಕಾ ಕೈ ಎತ್ತಿ ತಡೆದರು.

"ರೊಕ್ಕ ಬ್ಯಾಡ. ಅರ್ಜಿ ಬರದಿದ್ರಲ್ಲ, ಅಂಥಾದ ಇನ್ನೊಂದ ಬರೀರಿ. ಅದ ಆಫೀಸಿಗೆ. ಇಲ್ಲೇ ಕುಂತ ಬರೀರಿ."

ಮುಚ್ಚಿದ ಅಂಗಡಿಯ ಹಳೆಯ ಪ್ಯಾಡು ಕೊಟ್ಟರು. ಕಾಕಾರ ನೀರು ನಮ್ಮ ಟಾಕಿಗೆ ಹೋಗುತ್ತಿತ್ತು, ಅವರ ಮೇಲೆ ನಾನು ಕೊಟ್ಟ ದೂರು ತಪ್ಪು ಎಂದು ಬರೆದೆ. ಅವರು ಚಸ್ಮಾ ಹಾಕಿಕೊಂಡು ಬೆರಳಿಟ್ಟು ಓದಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು.

"ಇಲ್ಲಿ 'ಗೊತ್ತಿಲ್ಲದೆ ಆದ ತಪ್ಪು' ಅಂತ ಬರದೀರಿ."

"ಹೌದಲ್ಲ ಕಾಕಾ, ನಮಗ ಗೊತ್ತಿರಲಿಲ್ಲ."

"ನೀರು ಗೊತ್ತಿಲ್ದ ಕುಡದೀರಿ. ಅರ್ಜಿ ಗೊತ್ತಿದ್ದ ಬರದೀರಿ. ಎರಡೂ ಒಂದ ಸಾಲಿನ್ಯಾಗ ಹಾಕಬ್ಯಾಡ್ರಿ."

ಅಷ್ಟು ವರ್ಷ ಮಕ್ಕಳ ಪುಸ್ತಕಗಳನ್ನು ತಿದ್ದಿ ತಿದ್ದಿ ಎಸೆದವಳ ಹಾಳೆಯನ್ನು ಮೊದಲ ಸಲ ಒಬ್ಬರು ತಿರುಗಿ ಕೊಟ್ಟರು. ಹಾಳೆ ಹರಿದು ಮತ್ತೆ ಬರೆದೆ. ಅದರಲ್ಲಿ "ವಿಷಾದನೀಯ" ಎಂಬ ಶಬ್ದ ಅವರಿಗೆ ಹಿಡಿಸಲಿಲ್ಲ. ಮೂರನೆಯದು ಪಾಸಾಯಿತು. ಅರ್ಧ ಪುಟವಿತ್ತು, ಅಂಶಗಳಿರಲಿಲ್ಲ.

ಮಂಗಳವಾರ ಬೆಳಿಗ್ಗೆ ನೀರು ಬರುವ ಮೊದಲು ಪರಶುರಾಮ ಆ ಜೋಡಣೆ ಕಿತ್ತು ಕಾಕಾರ ಪೈಪಿನ ತೂತು ಮುಚ್ಚಿದ. ನೀರು ಬಂತು. ಸ್ವಲ್ಪ ಹೊತ್ತಿಗೆ ಬಾಜೂ ಮನೆಯ ಮಾಳಿಗೆಯ ಮೇಲೆ, ಖಾಲಿ ಟಾಕಿಯ ತಳಕ್ಕೆ ನೀರು ಬೀಳುವ ಸದ್ದು ಕೇಳಿಸಿತು. ಬಕೆಟ್ಟು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದ ಕಾಕು ಮುಖ ಮೇಲೆತ್ತಿ ಆ ಸದ್ದನ್ನೇ ಕೇಳುತ್ತ ನಿಂತರು. ಪರಶುರಾಮ ಚೀಲ ಕಟ್ಟುತ್ತ, "ಇನ್ನ ಮನ್ಯಾಗ ಹೇಳಬಹುದೇನ್ರಿ ಅಕ್ಕೋರ?" ಎಂದು ಕೇಳಿದ. ಹೇಳು ಎಂದೆ. ನಮ್ಮ ಸ್ವಂತ ಲೈನಿಗೆ ರಸ್ತೆ ಅಗೆಯಲು ಪರವಾನಗಿ ಬರುವವರೆಗೆ ನಾವು ಗಂಡ ಹೆಂಡತಿ ಕೊಡ ಹಿಡಿದು ಕಾಕಾರ ಅಂಗಳಕ್ಕೆ ಹೋಗಬೇಕಾಗಿತ್ತು. ಅದಕ್ಕೆ ಕಾಕಾ ಒಪ್ಪಿದರು, ಆದರೆ ಪೇಪರಿನಿಂದ ತಲೆ ಎತ್ತಲಿಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ ನೀರಿನ ಕಚೇರಿಗೆ ಹೋದೆ. ಗುಮಾಸ್ತ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದ.

"ದೂರು ಯಾರ ಮ್ಯಾಲ ಐತ್ರಿ?"

"ನನ್ನ ಮ್ಯಾಲ."

"ಹಂಗ ಬರಂಗಿಲ್ರಿ ಮೇಡಮ್. ದೂರು ಕೊಡಾವ್ರು ಒಬ್ಬರಿರಬೇಕು, ತಪ್ಪು ಮಾಡಿದಾವ್ರು ಒಬ್ಬರಿರಬೇಕು."

"ಇಬ್ಬರೂ ನಾನ" ಎಂದೆ.

ಅವನು ನನ್ನನ್ನು ನೋಡಿ, ಪಕ್ಕದ ಮೇಜಿನವನನ್ನು ನೋಡಿ, ಒಂದು ಫಾರ್ಮು ಮುಂದೆ ಸರಿಸಿದ. ಅದರಲ್ಲಿ ಎರಡು ಕಡೆ ಸಹಿ. ದೂರುದಾರರ ಜಾಗದಲ್ಲಿ ಪೆನ್ನು ತಾನಾಗಿಯೇ ಓಡಿತು, ಆ ಸಹಿಗೆ ನನ್ನ ಕೈ ಪಳಗಿದೆ. ತಪ್ಪಿತಸ್ಥರ ಜಾಗಕ್ಕೆ ಬಂದಾಗ ಕೈ ತಡವರಿಸಿ, ನನ್ನ ಹೆಸರಿನಲ್ಲಿಯೇ ಒಂದು ಒತ್ತಕ್ಷರ ಬಿಟ್ಟುಹೋಯಿತು. ಗುಮಾಸ್ತ ಎರಡೂ ಸಹಿಗಳನ್ನು ತಾಳೆ ನೋಡಿ, ಎರಡನೆಯದರ ಮೇಲೆ ಬೆರಳಿಟ್ಟ.

"ಇಲ್ಲೆ ತಪ್ಪೈತ್ರಿ ಮೇಡಮ್, ತಿದ್ದರಿ."

ತಿದ್ದಿದೆ.