ಸಾಧು ಮೀನು

ಮೀನಿನ ನೀರು ಬದಲಿಸುವಾಗ ಕಿಟಕಿ ಮುಚ್ಚಬೇಕೆಂಬುದು ಡ್ರಾಯಿಂಗ್ ಮೇಷ್ಟ್ರಿಗೆ ಹೊಳೆದದ್ದು, ಬೆಕ್ಕು ಬಾಯಿ ನೆಕ್ಕಿಕೊಂಡು ಅದೇ ಕಿಟಕಿಯಿಂದ ಹಾರಿಹೋದ ಮೇಲೆ.

ಅವತ್ತೇ ಶಾಲೆಯ ವಸ್ತುಪ್ರದರ್ಶನ. ‘ಅಲಂಕಾರದ ಮೀನು ಸಾಕಣೆ ನಡೆದುಬಂದ ದಾರಿ’ ಎಂಬ ಭಾಷಣವನ್ನು ಹೆಡ್‌ಮಾಸ್ತರು ವಾರದಿಂದ ಉರು ಹೊಡೆಯುತ್ತಿದ್ದರು. ಇದ್ದದ್ದು ಒಂದೇ ಒಂದು ಚಿನ್ನದ ಬಣ್ಣದ ಮೀನು. ನೋಡಲು ಬರುವವರು ಇನ್ಸ್‌ಪೆಕ್ಟರ್ ಸಾಹೇಬರು. ಮೇಷ್ಟ್ರ ಕೆಲಸ ಖಾಯಂ ಆಗಲು ಅವರದೇ ಸಹಿ ಬೇಕು.

“ಮುಗೀತು ನನ್ನ ಕತೆ,” ಎಂದು ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು.

“ಅಳ್ತಾ ಕೂತ್ರೆ ಬೆಕ್ಕು ವಾಪಸ್ ಕೊಡುತ್ತಾ?” ಎನ್ನುತ್ತಾ ಸೈನ್ಸ್ ಮೇಡಂ ತಮ್ಮ ಊಟದ ಡಬ್ಬಿಯಿಂದ ಕ್ಯಾರೆಟ್ ತೆಗೆದರು. “ಚಿತ್ರ ಬರೆಯೋ ಕೈ ತಾನೇ, ಕೆತ್ತಿ.”

“ಗಾಜಿನ ತೊಟ್ಟೀಲಿ ಗೊತ್ತಾಗಲ್ವಾ ಮೇಡಂ?”

“ಗಾಜು ಯಾಕ್ರೀ?” ಎಂದು ಪಿ.ಟಿ. ಮೇಷ್ಟ್ರು ನಡುವೆ ಬಾಯಿ ಹಾಕಿದರು. “ಹಿಂದೆ ಪಿಂಗಾಣಿ ಪಾತ್ರೇಲಿ ಸಾಕ್ತಿದ್ರು, ಮೇಲಿಂದ ಬೆನ್ನು ಮಾತ್ರ ನೋಡ್ತಿದ್ರು ಅಂತ ಹೆಡ್‌ಮಾಸ್ತರೇ ಕೊರೀತಿರ್ಲಿಲ್ವಾ?”

ಪಿಂಗಾಣಿ ಬೋಗುಣಿ ಬಂತು. ಡ್ರಾಯಿಂಗ್ ಮೇಷ್ಟ್ರು ಜನ್ಮದಲ್ಲಿ ಏನನ್ನೂ ಅಷ್ಟು ಚೆನ್ನಾಗಿ ಕೆತ್ತಿರಲಿಲ್ಲ. ಕಣ್ಣಿಗೆ ಎರಡು ಸಾಸಿವೆ ಒತ್ತಿ, ಮುಳುಗದಂತೆ ಪಾಚಿಯಲ್ಲಿ ಸಿಕ್ಕಿಸಿದರು.

ಸಾಹೇಬರನ್ನು ಕರೆತಂದ ಹೆಡ್‌ಮಾಸ್ತರು ಬೋಗುಣಿ ಕಂಡು ಹಿಗ್ಗಿಹೋದರು. “ಭೇಷ್! ಇದು ಇತಿಹಾಸ! ಗಾಜಿನ ತೊಟ್ಟಿ ಬಂದಿದ್ದು ಎಷ್ಟೋ ಕಾಲ ಆದ್ಮೇಲೆ ಸಾರ್.”

ಸಾಹೇಬರು ದಪ್ಪ ಕನ್ನಡಕ ಒರೆಸಿಕೊಂಡು ಬಗ್ಗಿದರು.

“ಅಲ್ಲಾಡೋದೇ ಇಲ್ವಲ್ರೀ ಇದು?”

ಪಿ.ಟಿ. ಮೇಷ್ಟ್ರು ಮೇಜಿಗೆ ಮೆಲ್ಲಗೆ ಮೊಣಕಾಲು ತಾಗಿಸಿ ನೀರು ಕುಲುಕಿಸಿದರು. ಮೀನು ಗಂಭೀರವಾಗಿ ಬಾಲ ಆಡಿಸಿತು.

“ತುಂಬಾ ಸಾಧು ಸಾರ್,” ಎಂದರು ಮೇಡಂ.

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಮ್ಮನೇಲಿ ತಂದ ಮೀನೆಲ್ಲಾ ಎಗರಿಬಿದ್ದು ಸಾಯ್ತಾವೆ. ನಮ್ಮವಳ ಅಳು ನೋಡೋಕಾಗಲ್ಲ. ಇಂಥದ್ದೊಂದು ಸಿಕ್ಕಿದ್ರೆ...”

“ಇದನ್ನೇ ತಗೊಂಡು ಹೋಗಿ ಸಾರ್!” ಎಂದು ಹೆಡ್‌ಮಾಸ್ತರು ಬೋಗುಣಿಯನ್ನೇ ಎತ್ತಿ ಕೊಟ್ಟರು. “ನಮ್ಮ ಡ್ರಾಯಿಂಗ್ ಮೇಷ್ಟ್ರು ದಿನಾ ಬೆಳಿಗ್ಗೆ ಬಂದು ನೋಡ್ಕೊಂಡು ಹೋಗ್ತಾರೆ.”

ಸಾಹೇಬರು ಮೇಷ್ಟ್ರ ಬೆನ್ನು ತಟ್ಟಿದರು. “ಒಂದು ವರ್ಷ ಇದು ಸಾಯದ ಹಾಗೆ ನೋಡ್ಕೊಳ್ಳಿ. ಆಮೇಲೆ ನನ್ನ ಸಹಿ ಖಂಡಿತ.”

ಸಂಜೆ ತರಕಾರಿ ಅಂಗಡಿಯಲ್ಲಿ ಮೇಷ್ಟ್ರು ಕ್ಯಾರೆಟ್‌ಗಳನ್ನು ಒಂದೊಂದಾಗಿ ಹೊರಳಿಸಿ ಬೆನ್ನು ನೋಡುತ್ತಿದ್ದರು.

“ಅಡುಗೆಗಾ ಸಾರ್?” ಎಂದ ಅಂಗಡಿಯವನು.

“ಅಲ್ಲಪ್ಪಾ,” ಎಂದರು ಮೇಷ್ಟ್ರು. “ಕೆಲಸ ಖಾಯಂ ಆಗೋಕೆ.”