ಜೋಡಿ ಬಂದವರ ಮುಯ್ಯಿ

"ಆಯಿ, ಹೊರ್ತಿಗೆ ದಾರಿ ಇದ ಏನ್ರಿ?"

ಇಂಡಿ ತಾಲೂಕಿನ ಒಂದು ಲಿಂಬೆ ತೋಟದ ಬದುವಿನ ಮೇಲೆ ನಿಂತು ನಾನು ಕೇಳಿದ್ದು ಇಷ್ಟೇ. ಫೋನಿನ ನಕಾಶೆ ಅಲ್ಲಿಯವರೆಗೆ ತಂದು ಬಿಟ್ಟು ಸುಮ್ಮನಾಗಿತ್ತು. ದಾರಿ ತಪ್ಪುವುದು ನನಗೆ ಹೊಸದಲ್ಲ. ದಿಲ್ಲಿಯಲ್ಲಿ ತಪ್ಪಿದ್ದೇನೆ, ಕಠ್ಮಂಡುವಿನಲ್ಲಿ ತಪ್ಪಿದ್ದೇನೆ. ಉಣ್ಣುವ ಕೈ ಯಾವುದೆಂದು ನೆನಪಿಸಿಕೊಳ್ಳದೆ ಎಡಬಲ ಹೇಳಲು ಬಾರದವಳು ಇನ್ನೇನಾದಾಳು? ಆದರೆ ಬೇರೆ ಊರುಗಳಲ್ಲಿ ದಾರಿ ಕೇಳಿದರೆ ಕೈ ತೋರಿಸುತ್ತಾರೆ. ನಮ್ಮ ಕಡೆಯ ಈ ತಾಲೂಕುಗಳಲ್ಲಿ ಎದ್ದು ಜೋಡಿ ಬಂದುಬಿಡುತ್ತಾರೆ. ಪ್ರಸಂಗಗಳು ಹುಟ್ಟುವುದೇ ಅಲ್ಲಿ.

ನಾನು ಹೊರಟಿದ್ದೂ ಆ ‘ಜೋಡಿ’ ಪದದ ಕೆಲಸಕ್ಕೇ. ನಿಘಂಟು ಮಾಡುತ್ತಿರುವ ಗೆಳತಿಯೊಬ್ಬಳು, "ನಾವು ಜೊತೆ ಅನ್ನೋದಕ್ಕೆ ನಿಮ್ಮ ಕಡೆ ಜೋಡಿ ಅಂತೀರಲ್ಲ, ಅದರ ಅರ್ಥ, ಮೂಲ ಎಲ್ಲ ಕೇಳಿಕೊಂಡು ಬಾ. ಹೇಗೂ ನೀನು ಒಂದು ಕಡೆ ಕೂರುವವಳಲ್ಲ" ಎಂದಿದ್ದಳು.

೧. ಬಾವಿಗಳ ಸೀಮೆ

ಬದುವಿನ ಮೇಲಿದ್ದ ಆಯಿಗೆ ಎಪ್ಪತ್ತು ದಾಟಿರಬೇಕು. "ಹೇಳಿದರ ತಿಳ್ಯಾಂಗಿಲ್ಲ ಹುಡುಗಿ. ನಡಿ, ಜೋಡಿ ಬರ್ತೇನಿ" ಎಂದು ನನ್ನ ರಟ್ಟೆ ಹಿಡಿದಳು. ಐವತ್ತೆಂಟರ ನಾನು ‘ಹುಡುಗಿ’ ಎಂದದ್ದಕ್ಕೇ ಅರ್ಧ ಕರಗಿದ್ದೆ.

"ಬಾವಿ ಬಂತೇನು?"

"ಬಂತು ಆಯಿ."

"ಎಡಕ್ಕೈತೋ, ಬಲಕ್ಕೋ?"

"ಎಡಕ್ಕ."

"ಹಂಗಾರ ಇದಲ್ಲ. ನಡಿ."

ಇನ್ನೊಂದು ಬಾವಿ ಬಂತು. ಅದೂ ಎಡಕ್ಕೆ. ಮತ್ತೊಂದು ಬಂತು. ಇಷ್ಟೊಂದು ಬಾವಿಗಳಿರುವ ಸೀಮೆಗೆ ಬರದ ನಾಡು ಎನ್ನುತ್ತಾರಲ್ಲ ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಒಂದು ತಾಸಾದ ಮೇಲೆ ಆಯಿ ನಡೆದು ಸಾಕಾಗಿ ನಿಂತು, "ಯಾರರ ಅದೀರೇನ್ರೇ!" ಎಂದು ಕೂಗಿದಳು. ತಗಡಿನ ಮನೆಯಿಂದ ಅವಳ ಸೊಸೆ ಓಡಿ ಬಂದಳು.

"ಇದು ಹೊರ್ತಿ ಏನ್ರಿ?" ಎಂದೆ.

"ಅಲ್ರಿ, ನಮ್ಮ ತೋಟದ ಮನಿ. ಆಯಿಗೆ ಎರಡೂ ಕಣ್ಣಾಗ ಪೊರೆ ಬಂದೈತ್ರಿ. ಯಾರರ ಬಂದರ ಕೈ ಹಿಡಕೊಂಡು ಮನಿ ಮುಟ್ಟೂಣಂತ ಬದುವಿನ ಮ್ಯಾಲ ಕುಂತಿರ್ತಾಳ."

ನನಗೆ ದಾರಿ ತೋರಿಸಲು ಬಂದವಳಿಗೆ ದಾರಿಯೇ ಕಾಣುತ್ತಿರಲಿಲ್ಲ! ಆಯಿಗೆ ಮಾತ್ರ ಎಳ್ಳಷ್ಟೂ ಸಂಕೋಚವಿಲ್ಲ. "ಇಷ್ಟು ದೂರ ಜೋಡಿ ಬಂದೇನಿ. ನಿನ್ನ ಮ್ಯಾಲ ನಂದೊಂದು ಮುಯ್ಯಿ ಆತು."

ಮುಯ್ಯಿ ಎಂದರೆ ಇಲ್ಲಿ ಕಾಯ್ದೆ ಇದ್ದಂತೆ. ನೀನು ನನ್ನ ಹೊಲದಲ್ಲಿ ಒಂದು ದಿನ ದುಡಿದರೆ ನಾನು ನಿನ್ನ ಹೊಲದಲ್ಲಿ ಒಂದು ದಿನ ದುಡಿಯಬೇಕು. ರೊಕ್ಕ ನಡೆಯುವುದಿಲ್ಲ, ಆಳೇ ಬರಬೇಕು.

"ಏನ್ ಮಾಡ್ಲಿ ಆಯಿ?"

"ಕಣ್ಣಿನ ಆಪರೇಶನ್ನಿಗೆ ಜೋಡಿ ಬಾ."

ಸೊಸೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಯಿ ಎರಡು ಸಲ ಆಪರೇಶನ್ ಕೋಣೆಯ ಬಾಗಿಲಿನಿಂದಲೇ ತಿರುಗಿ ಬಂದಿದ್ದಳಂತೆ. ಇನ್ನೂ ತಡಮಾಡಿದರೆ ಇರುವ ಬೆಳಕೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಮನೆಯವರ ಜೋಡಿ ಯಾಕೆ ಹೋಗಬಾರದು ಎಂದು ಕೇಳಿದೆ. ಆಯಿ ನನ್ನ ಕಿವಿಗೆ ಬಾಯಿ ತಂದಳು. "ಇವರ ಮುಂದ ಅಂಜಿದರ ಊರಿಗೆಲ್ಲಾ ಗೊತ್ತಾಗ್ತೈತಿ. ನೀ ಊರೂರು ತಿರುಗಾಕಿ. ಯಾರಿಗೆ ಹೇಳ್ತಿ?"

ಜೋಡಿ ಬರುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸೊಸೆ ನನ್ನ ಫೋನ್ ನಂಬರು ಬರೆದುಕೊಂಡಳು. ಈಗ ಬರೆಯುತ್ತಿರುವುದಕ್ಕೆ ಆಯಿಯ ಅಪ್ಪಣೆ ಇದೆ. "ಬರಿ, ನನಗೇನು ಓದಾಕ ಬರ್ತೈತೇನು?" ಅಂದಿದ್ದಾಳೆ.

೨. ಮಾತು ಬಿಟ್ಟವರು

ಬಸವನ ಬಾಗೇವಾಡಿಯ ಚಹಾದಂಗಡಿಯೊಂದರ ಬೆಂಚಿನ ಮೇಲೆ ಇಬ್ಬರು ನಿವೃತ್ತ ಮಾಸ್ತರು ಕೂತಿದ್ದರು. ಪದದ ಮೂಲ ಕೇಳಿದೆ.

ಕನ್ನಡದ ಮಾಸ್ತರು ಅಂದರು: "ಎತ್ತಿನ ಕೊರಳನ್ನ ನೊಗಕ್ಕ ಬಿಗಿಯೂ ಪಟ್ಟಿಗೆ ಜತ್ತಿಗಿ ಅಂತೀವಲ್ರಿ, ಜೊತೆ ಅನ್ನೂದು ಆ ಮನಿತನದ್ದು. ಇದನ್ನ ಆ ಮಾಸ್ತರಿಗೂ ಹೇಳ್ರಿ."

ಆ ಮಾಸ್ತರು ಮೊಳ ದೂರದಲ್ಲೇ ಇದ್ದರು. ಆದರೂ ಹೇಳಿದೆ.

ಗಣಿತದ ಮಾಸ್ತರು ನನ್ನ ಕಡೆ ತಿರುಗಿದರು. "ಅವರಿಗೆ ಹೇಳ್ರಿ. ಜೋಡಿ ಬಂದಿದ್ದು ಜೋಡಿಸೂದರಿಂದ. ಒಂದಕ್ಕ ಒಂದು ಕೂಡಿಸಿದರ ಎರಡು. ಇದಕ್ಕ ಎತ್ತು ಯಾಕ ಬೇಕು?"

ಅರ್ಧ ತಾಸು ನಾನು ಟಪಾಲಿನವಳಾದೆ. ಕೊನೆಗೆ ಚಹಾದವನೇ ಕನಿಕರಪಟ್ಟ. "ಕೇರಂ ಆಟದಾಗ ಜಗಳಾ ಆಗಿ ಮಾತು ಬಿಟ್ಟು ನಾಕು ತಿಂಗಳಾತ್ರಿ."

"ಮತ್ತ ದಿನಾ ಒಂದ ಬೆಂಚಿಗೆ ಯಾಕ ಬಂದು ಕೂಡ್ತೀರ್ರಿ?"

"ಮಾತು ಬಿಟ್ಟೇವ್ರಿ, ಜೋಡಿ ಬಿಟ್ಟಿಲ್ಲ!" ಎಂದು ಇಬ್ಬರೂ ಒಂದೇ ಉಸಿರಿಗೆ ಅಂದರು. ಒಟ್ಟಿಗೆ ಅಂದುಬಿಟ್ಟೆವಲ್ಲ ಎಂದು ಇಬ್ಬರಿಗೂ ಮತ್ತೆ ಸಿಟ್ಟು ಬಂತು.

೩. ಕುಕ್ಕರಿನ ಜೋಡಿ

ಮುದ್ದೇಬಿಹಾಳದಲ್ಲಿ ತಾಳಿಕೋಟೆ ಬಸ್ಸು ಹತ್ತಿ ಕಿಟಕಿಯ ಬದಿಗೆ ಕೂತೆ. ಕೆಳಗೆ ನಿಂತಿದ್ದ, ಊರವರೆಲ್ಲ ಖಾಲಾ ಎಂದು ಕರೆಯುವಂಥ ಹಿರಿಯ ಮುಸ್ಲಿಂ ಹೆಂಗಸೊಬ್ಬರು ಕೇಳಿದರು: "ಅಕ್ಕಾರ, ಒಬ್ಬರ ಹೊಂಟೀರೇನ್ರಿ?"

"ಹೌದ್ರಿ."

"ನಮ್ಮ ಕುಕ್ಕರೂ ಒಂದ ಹೊಂಟೈತ್ರಿ. ಜೋಡಿ ಆತು ಬಿಡ್ರಿ. ಅಲ್ಲಿ ನಮ್ಮ ತಂಗಿ ಇಸಕೋತಾಳ."

ಬಾಗಿಲಿನಿಂದ ಕೈ ಕೈ ದಾಟಿ, ರಿಪೇರಿಯಾದ ಕುಕ್ಕರು ನನ್ನ ತೊಡೆಯ ಮೇಲೆ ಬಂದು ಕೂತಿತು. ತಾಳಿಕೋಟೆಯಲ್ಲಿ ತಂಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಫೋನು ಹಚ್ಚಿದಳು. "ಹಾಂ ಅಕ್ಕಾ, ಬಂತು. ಜೋಡಿ ಬಂದವರೂ ಚಲೋ ಅದಾರ. ಆದರ ಸೀಟಿ ಇಲ್ಲ."

ಸೀಟಿ, ಅಂದರೆ ಕುಕ್ಕರಿನ ವಿಷಲ್ಲು, ಮರುದಿನ ಸಿಂದಗಿಯಲ್ಲಿ ನನ್ನ ಚೀಲದಿಂದ ಉದುರಿತು. ನೇರ ಬಸ್‌ ನಿಲ್ದಾಣಕ್ಕೆ ಹೋದೆ. ತಾಳಿಕೋಟೆ ಬಸ್ಸಿನಲ್ಲಿ ಕಿಟಕಿಯ ಬದಿಗೆ ಆರಾಮಾಗಿ ಕೂತಿದ್ದ ಒಬ್ಬ ಗೃಹಸ್ಥರನ್ನು ಹುಡುಕಿ ಕೇಳಿದೆ: "ಒಬ್ಬರ ಹೊಂಟೀರೇನ್ರಿ?"

೪. ಮುಯ್ಯಾಳು

ಸಿಂದಗಿಯಲ್ಲಿದ್ದಾಗಲೇ ಸೊಸೆಯ ಫೋನು ಬಂತು. "ನಾಳೆ ಆಪರೇಶನ್ ಐತ್ರಿ. ಆಕಿ ಬಂದರಷ್ಟ ಹೋಗ್ತೇನಿ ಅಂತ ಆಯಿ ಹಟಾ ಹಿಡದಾಳ."

ಇಂಥ ಮಾತುಗಳನ್ನು ನಾನು ಎಷ್ಟೋ ಊರುಗಳಲ್ಲಿ ಕೊಟ್ಟು ಮರೆತಿದ್ದೇನೆ. ಅಲ್ಲಿ ಯಾರೂ ಫೋನು ಮಾಡಿ ವಸೂಲಿ ಮಾಡಿರಲಿಲ್ಲ. ಇಂಡಿಗೆ ಹೋದೆ.

"ನೀವು ಇವರಿಗೆ ಏನಾಗಬೇಕ್ರಿ?" ನರ್ಸು ಕೇಳಿದಳು.

"ಮುಯ್ಯಾಳು," ಎಂದಳು ಆಯಿ.

"ಕಂಪ್ಯೂಟರಿನಾಗ ಅದಿಲ್ಲವ್ವ. ಮಗಳು ಅಂತ ಹಾಕ್ಲಿ?"

"ಹಾಕು. ಆಸ್ತಿ ಕೇಳಬಾರದಷ್ಟ."

ಆಯಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಂಜೀಯೇನು ಆಯಿ?"

"ನಾ ಯಾಕ ಅಂಜ್ಲಿ? ನೀ ಅಂಜಬಾರದಂತ ಹಿಡದೇನಿ."

ಆಪರೇಶನ್ ಕೋಣೆಯ ಬಾಗಿಲು ಬಂತು. ಆಯಿ ನಿಂತಳು. ಮೆಲ್ಲಗೆ ಹಿಂದಕ್ಕೆ ತಿರುಗಿದಳು. ಮೂರನೆಯ ಸಲ! ನನಗೆ ಇನ್ನೇನೂ ಹೊಳೆಯಲಿಲ್ಲ. "ಹೊಳ್ಳಿ ಹೋಗೂಣ ನಡಿ ಆಯಿ. ನಾ ಅಂತೂ ಜೋಡಿ ಬಂದೇನಿ. ನನ್ನ ಮುಯ್ಯಿ ತೀರ್ತು."

"ಬರೇ ಬಾಗಿಲು ಮುಟ್ಟಿ ತೀರಿಸ್ತೇನಂತಿಯೇನು?" ಎಂದು ಆಯಿ ಸಿಟ್ಟಿನಿಂದಲೇ ಒಳಗೆ ನಡೆದುಬಿಟ್ಟಳು.

೫. ಬಲಗಡೆಯ ಸಾಲು

ಮರುದಿನ ಒಂದು ಕಣ್ಣಿನ ಪಟ್ಟಿ ಬಿಚ್ಚಿದರು. ಆಯಿ ಗೋಡೆ ನೋಡಿದಳು, ನರ್ಸನ್ನು ನೋಡಿದಳು, ಬಳಿಕ ನನ್ನನ್ನು.

"ನನ್ನ ಜೋಡಿ ಬಂದಿದ್ದ ಹುಡುಗಿ ಎಲ್ಲಿ ಹೋದ್ಲು?"

"ನಾನ ಆಯಿ."

"ಅಯ್ಯ ಶಿವನ! ಧ್ವನಿ ಅಷ್ಟ ಹುಡುಗಿ ಐತಿ ನೋಡು."

ಕಪ್ಪು ಚಸ್ಮಾ ಹಾಕಿಸಿಕೊಂಡು ಊರಿಗೆ ಬಂದೆವು. ಬಸ್ಸಿಳಿದು ಹತ್ತು ಮಿನಿಟು ನಡೆದಿರಬೇಕು, ಆಯಿ ಗಕ್ಕನೆ ನಿಂತಳು. ದಾರಿಯ ಪಕ್ಕಕ್ಕೆ ಬಾವಿ. ಅದರ ಹಿಂದೆಯೇ ತಗಡಿನ ಮನೆ.

"ಇದು ಯಾವ ಕಡಿಗೈತಿ?"

ಉಣ್ಣುವ ಕೈ ನೆನಪಿಸಿಕೊಂಡೆ. "ಬಲಕ್ಕ ಆಯಿ."

"ಅವತ್ತು ಎಡಕ್ಕಂದಿ! ಮೂರ ಸಲ ಇದ ಬಾವಿ ಸುತ್ತಿಸೀಯಲ್ಲ!"

ಬಾವಿಗಳ ಸೀಮೆ ಎಂದು ಬರೆದಿದ್ದ ಹಾಳೆಯನ್ನು ಅಲ್ಲೇ ಹರಿದೆ. ಆದರೆ ಆಯಿ ಬಿಡುವವಳಲ್ಲ. "ಒಂದು ಸುತ್ತಿನ ಮುಯ್ಯಿ ಆಸ್ಪತ್ರ್ಯಾಗ ತೀರ್ತು. ಉಳದೆರಡು ಸುತ್ತಿಗೆ ಎರಡು ಬುಟ್ಟಿ ಲಿಂಬಿಹಣ್ಣು ಹರಿ. ಬಲಗಡಿ ಸಾಲು ನೋಡು."

ಹರಿದೆ. ಲಿಂಬೆಯ ಮುಳ್ಳಿಗೆ ಮೊಣಕೈವರೆಗೆ ಗೀರು ಬಿದ್ದವು. ಆಯಿ ನೆರಳಲ್ಲಿ ಚಸ್ಮಾ ಹಾಕಿಕೊಂಡು ಕೂತು, ಸಿನೆಮಾ ನೋಡಿದಂತೆ ನನ್ನನ್ನು ನೋಡಿದಳು. ಎರಡನೆಯ ಬುಟ್ಟಿ ತುಂಬಿಸಿ ತಂದಿಟ್ಟೆ.

"ತೀರ್ತೇನು ಆಯಿ?"

"ತೀರ್ತು. ಆದರ ಆ ಗಿಡಾ ನಮ್ಮವಲ್ಲ, ಮಗ್ಗಲ ತೋಟದವರವು. ನೀ ಹರದಿದ್ದು ಎಡಗಡಿ ಸಾಲು."

"ಮೊದಲ ಹೇಳಬಾರದಾಗಿತ್ತೇನು?"

"ಯಾಕ ಹೇಳ್ಲಿ? ಅವರಿಗೆ ನಂದೂ ಎರಡು ಬುಟ್ಟಿ ಹರದು ಕೊಡೂ ಮುಯ್ಯಿ ಉಳದಿತ್ತು. ನಿನ್ನ ಎಡಕ್ಕ ಕಳಸಬೇಕಿತ್ತು, ಅದಕ್ಕ ಬಲಕ್ಕಂದೆ."