ಮಿಡ್‌ಫೀಲ್ಡಿನಲ್ಲಿ ನಿಂತ ಕೋಣ ಮಹಾಶಯರಿಗೆ

ಶ್ರೀ ಬೊಳ್ಳ ಅವರಿಗೆ,
ಸಂಕಪ್ಪಣ್ಣನವರ ಹಟ್ಟಿ, ಕಕ್ಕಿಂಜೆ.

ಮಾನ್ಯರೇ,

ತಮ್ಮ ಎರಡು ಕೊಂಬುಗಳಿಗೂ, ಅವುಗಳ ನಡುವೆ ಹಣೆಯ ಮೇಲಿರುವ ಬಿಳಿ ಮಚ್ಚೆಗೂ, ಕಂಬಳದ ಕೆಸರಿನಲ್ಲಿ ಓಡಿ ತಾವು ಗೆದ್ದು ತಂದ ಪದಕಗಳಿಗೂ ನನ್ನ ಬೇರೆ ಬೇರೆ ನಮಸ್ಕಾರಗಳು. ಹುರುಳಿ ಹೊತ್ತಿಗೆ ಸರಿಯಾಗಿ ಬೇಯುತ್ತಿದೆಯೆಂದೂ, ಮೈಗೆ ಎಣ್ಣೆ ತಿಕ್ಕುವವರು ರಜೆ ಹಾಕುತ್ತಿಲ್ಲವೆಂದೂ, ಹಟ್ಟಿಯ ಫ್ಯಾನು ಕರೆಂಟು ಇದ್ದಾಗಲೆಲ್ಲ ತಿರುಗುತ್ತಿದೆಯೆಂದೂ ನಂಬಿದ್ದೇನೆ. ತಮಗೆ ತುಳು ಚೆನ್ನಾಗಿ ತಿಳಿಯುತ್ತದೆ, ಕನ್ನಡ ಅಷ್ಟಾಗಿ ರೂಢಿಯಿಲ್ಲ ಎಂದು ಗೊತ್ತಿದ್ದೂ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ನಮ್ಮ ಕಡೆ ಜಗಳಕ್ಕೂ ಪ್ರೀತಿಗೂ ಮೀನಿನ ವ್ಯಾಪಾರಕ್ಕೂ ತುಳುವೇ ಆದರೂ, ದೂರು ಮಾತ್ರ ಕನ್ನಡದಲ್ಲಿದ್ದರೇ ದೂರೆನಿಸಿಕೊಳ್ಳುತ್ತದೆ. ಅಲ್ಲದೆ ನಾನು ಕನ್ನಡ ಎಂ.ಎ. ಮಾಡಿದ್ದೇನೆ, ಆ ಪದವಿಗೆ ಈವರೆಗೆ ಬೇರೆ ಕೆಲಸ ಒದಗಿಬಂದಿಲ್ಲ.

ನನ್ನ ಹೆಸರು ಶೋಧನ್. ತಮ್ಮ ಗದ್ದೆಯಲ್ಲಿ ಸಂಜೆ ಹೊತ್ತು ಫುಟ್‌ಬಾಲ್ ಆಡುವ ಘಾಟಿಬುಡ ಫ್ರೆಂಡ್ಸ್ ತಂಡದಲ್ಲಿ, ತಾವು ಬರುವವರೆಗೆ, ಮಿಡ್‌ಫೀಲ್ಡಿನಲ್ಲಿ ಇದ್ದವನು. ತಾವು ನನ್ನನ್ನು ನೋಡಿರಬಹುದು. ‘ಬಾಲ್ ನನಗೆ ಕೊಡಿ’ ಎಂದು ಕೂಗಬೇಕಾದ ಜಾಗದಲ್ಲಿ ನಿಂತು, ಕೂಗಲು ಸಂಕೋಚಪಟ್ಟು, ಸಿಗದ ಚೆಂಡಿನ ಹಿಂದೆ ಮರ್ಯಾದೆಯ ಅಂತರದಲ್ಲಿ ಓಡುತ್ತಿದ್ದವನು ನಾನೇ. ಮುಂದಿನ ಸಾಲುಗಳೆಲ್ಲ ಆ ಜಾಗವನ್ನು ಕುರಿತವು. ಅದು ದೊಡ್ಡ ಜಾಗವಲ್ಲ. ತಾವು ಅಡ್ಡ ನಿಂತರೆ ಪೂರ್ತಿ ತುಂಬಿಹೋಗುತ್ತದೆ. ಆದರೆ ಊರಿನಲ್ಲಿ ನನಗೆಂದು ಇದ್ದ ಜಾಗ ಅದೊಂದೇ.

ಕೊಯ್ಲಾದ ಮೇಲೆ ಶಾಲೆಯ ಹಿಂದಿನ ಗದ್ದೆಯನ್ನು ನಮಗೆ ಆಡಲು ಬಿಟ್ಟದ್ದು ಸಂಕಪ್ಪಣ್ಣನವರ ದೊಡ್ಡತನ. ಗದ್ದೆಯ ಜೊತೆಗೆ ತಾವೂ ಬರುತ್ತೀರೆಂದು ಮಾತ್ರ ಅವರು ಹೇಳಿರಲಿಲ್ಲ. ತಮ್ಮ ಜೋಡಿ ಕೋಣವನ್ನು ಬಂಟ್ವಾಳದ ಕಡೆಯವರು ಕೊಂಡುಹೋದ ನಂತರ ಕಂಬಳದಿಂದ ನಿವೃತ್ತರಾದ ತಾವು, ಸಂಜೆಯಾಗುತ್ತಲೇ ಹಟ್ಟಿಯಿಂದ ಹೊರಟು ಗದ್ದೆಯ ನಟ್ಟನಡುವೆ, ಸುಣ್ಣದಲ್ಲಿ ಬರೆದ ವೃತ್ತದೊಳಗೆ ಬಂದು ನಿಂತುಬಿಡುತ್ತಿದ್ದಿರಿ. ಗದ್ದೆಯ ಯಜಮಾನರ ಕೋಣವನ್ನು ಅದೇ ಗದ್ದೆಯಿಂದ ಅಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಮೊದಲ ವಾರ ನಾವು ತಮ್ಮ ಸುತ್ತ ಆಡಿದೆವು. ಎರಡನೆಯ ವಾರ ಚೆಂಡು ತಮ್ಮ ಪಕ್ಕೆಗೆ ಬಡಿದು, ಸತ್ತಂತೆ ಕೆಳಗಿಳಿದು, ಲತೇಶ್‌ನ ಕಾಲಬುಡಕ್ಕೆ ಉರುಳಿತು. ಮುಂದಿನ ಸಾಲಿನ ಆಟಗಾರನೂ ತಂಡದ ಅತಿ ದೊಡ್ಡ ಗಂಟಲೂ ಆಗಿರುವ ಲತೇಶ್ ಅದನ್ನು ಗೋಲಿಗೆ ಹೊಡೆದ. ಹೊಡೆದವನು ತಮ್ಮತ್ತ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದ. ನಾಲ್ಕು ವರ್ಷಗಳಲ್ಲಿ ಅವನು ನನ್ನತ್ತ ಯಾವ ಬೆರಳನ್ನೂ ಎತ್ತಿದವನಲ್ಲ.

ಅಂದೇ ತಮ್ಮನ್ನು ತಂಡಕ್ಕೆ ಸೇರಿಸಿಕೊಳ್ಳುವ ಚರ್ಚೆ ಮೂಸಾಕನ ಹೊಟೇಲಿಗೆ ಸಾಗಿತು. ನಮ್ಮೂರಿನಲ್ಲಿ ಫುಟ್‌ಬಾಲ್ ಆಡುವವರು ಏಳು ಮಂದಿ, ಫುಟ್‌ಬಾಲ್ ತಿಳಿದವರು ಊರಿಡೀ ಎಂಬುದು ತಮಗೆ ತಿಳಿದ ವಿಚಾರ. ರಿಕ್ಷಾದವರು, ಪೋಸ್ಟಿನವರು, ಚಾರ್ಮಾಡಿ ಬಸ್ಸಿಗೆ ಕಾಯುತ್ತಾ ಮೂರು ಬಸ್ಸು ಬಿಟ್ಟವರು, ಎಲ್ಲರೂ ಸೇರಿದ್ದರು. ಮೇಜಿನ ಮೇಲೆ ಚಹಾದ ಗ್ಲಾಸುಗಳನ್ನು ಆಟಗಾರರಂತೆ ಜೋಡಿಸಲಾಯಿತು. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಒಬ್ಬ. ತಮ್ಮ ಸ್ಥಾನದಲ್ಲಿ ಸಕ್ಕರೆಯ ಡಬ್ಬ ಇಟ್ಟರು, ನನ್ನ ಸ್ಥಾನದಲ್ಲಿ ಒಂದು ಹಲ್ಲುಕಡ್ಡಿ. ಡಬ್ಬವನ್ನು ಇಟ್ಟು ನೋಡಿ ತಲೆದೂಗುವರು, ಅದನ್ನು ತೆಗೆದು ಕಡ್ಡಿಯನ್ನು ಇಟ್ಟು ನೋಡಿ ಸುಮ್ಮನಾಗುವರು. ನಾನು ಮೂಲೆಯ ಬೆಂಚಿನಲ್ಲಿ ಗೋಳಿಬಜೆ ಮುರಿಯುತ್ತಾ ಕುಳಿತಿದ್ದೆ. ಚರ್ಚೆ ಬಿರುಸಾದಾಗ ಮೂಸಾಕ ಯೋಚನೆಯ ಭರದಲ್ಲಿ ನನ್ನನ್ನು ಮೇಜಿನಿಂದ ಎತ್ತಿಕೊಂಡು ಹಲ್ಲು ಕೆದಕತೊಡಗಿದರು. ಆಮೇಲೆ ತಾವೊಬ್ಬರೇ ಉಳಿದಿರಿ.

ನಮ್ಮ ನಾಯಕ ಶಾಫಿ ತನ್ನ ಮೊಬೈಲ್ ಅಂಗಡಿಯಲ್ಲಿ ಕುಳಿತು ಪ್ರಪಂಚದ ಎಲ್ಲ ಪಂದ್ಯಗಳನ್ನೂ ನೋಡುವವನು. ಈಗಿನ ಕಾಲದಲ್ಲಿ ದೊಡ್ಡ ತಂಡಗಳೆಲ್ಲ ಮಧ್ಯದಲ್ಲಿ ಓಡದ ಒಬ್ಬನನ್ನು ಇಟ್ಟುಕೊಳ್ಳುತ್ತವೆ, ಆಟ ಅವನ ಸುತ್ತ ತಿರುಗುತ್ತದೆ, ಅವನು ಚೆಂಡನ್ನು ತಡೆದರೆ ಸಾಕು ಎಂದು ಅವನು ವಿವರಿಸಿದ. ಸೆಗಣಿಯ ಪ್ರಶ್ನೆಯನ್ನು ಯಾರೋ ಎತ್ತಿದರು. ಎದುರಾಳಿಗಳು ಜಾರಿ ಬೀಳುವುದರಿಂದ ಅದೂ ರಕ್ಷಣಾ ತಂತ್ರದ ಭಾಗವೆಂದು ತೀರ್ಮಾನವಾಯಿತು. ಶೋಧನ್ ಪಾಪ ನಾಲ್ಕು ವರ್ಷದಿಂದ ಆಡುತ್ತಿದ್ದಾನಲ್ಲ ಎಂದು ಪೋಸ್ಟಿನವರು ನನ್ನ ಪರವಾಗಿ ಹೇಳಿದಾಗ ಲತೇಶ್ ಆಡಿದ ಮಾತನ್ನು ತಮ್ಮ ಗಮನಕ್ಕಾಗಿ ಇದ್ದ ಹಾಗೆಯೇ ಬರೆಯುತ್ತೇನೆ.

“ಶೋಧನ್‌ಗೆ ಬಾಲ್ ಸಿಕ್ಕಿದ್ರೆ ಯಾರಿಗೆ ಕೊಡುದು ಅಂತ ಆಲೋಚನೆ ಮಾಡ್ತಾನೆ ಮಾರಾಯ. ಬೊಳ್ಳನಿಗೆ ಆ ರೋಗ ಇಲ್ಲ.”

ಮಾನ್ಯರೇ, ಇದಕ್ಕೆ ಉತ್ತರ ನನ್ನಲ್ಲಿತ್ತು. ಅದನ್ನು ಹೇಳುವುದು ಹೇಗೆಂದು ಆಲೋಚನೆ ಮಾಡುತ್ತಿದ್ದೆ, ಅಷ್ಟರಲ್ಲಿ ಹೊಟೇಲು ಖಾಲಿಯಾಯಿತು. ನಾನು ಮೌನವಾಗಿದ್ದರೆ ಅದು ಪುಕ್ಕಲುತನ, ತಾವು ಮೌನವಾಗಿದ್ದರೆ ಅದು ಗಾಂಭೀರ್ಯ. ನಾನು ನಿಂತಲ್ಲೇ ನಿಂತರೆ ಸೋಮಾರಿ, ತಾವು ನಿಂತಲ್ಲೇ ನಿಂತರೆ ಆಧುನಿಕ ಫುಟ್‌ಬಾಲ್. ತಮ್ಮ ಪ್ರತಿಭೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಇದೇ ಪ್ರತಿಭೆ ನನ್ನಲ್ಲಿಯೂ ಇತ್ತು, ನಾನ್ನೂರು ಕಿಲೋ ಮಾತ್ರ ಇರಲಿಲ್ಲ ಎಂದಷ್ಟೇ ನನ್ನ ಅಳಲು.

ಜೆರ್ಸಿ ಕೊಡಿಸಿದವರ ಮಾತು ಕೇಳದೆ ತಂಡ ಕಟ್ಟುವ ಕ್ರಮ ನಮ್ಮಲ್ಲಿಲ್ಲವಾದ್ದರಿಂದ, ಜುಬೈಲಿನಲ್ಲಿರುವ ಶಾಫಿಯ ಬಾವನಿಗೆ ವಾಯ್ಸ್ ಮೆಸೇಜು ಹೋಯಿತು. ಅವರು ಪೂರ್ತಿ ಕೇಳಿ, ಕೋಣಕ್ಕೆ ಎಕ್ಸೆಲ್ ಸೈಜು ಸಾಕಾಗುತ್ತದಾ ಎಂಬ ಒಂದೇ ಪ್ರಶ್ನೆ ಕಳಿಸಿದರು. ಅಲ್ಲಿಗೆ ಗಲ್ಫಿನ ಅನುಮೋದನೆ ಸಿಕ್ಕಂತಾಯಿತು. ಸಂಕಪ್ಪಣ್ಣನವರು ತಮ್ಮ ಪರವಾಗಿ ಕೆಲವು ಷರತ್ತುಗಳನ್ನು ಇಟ್ಟರು. ತಮ್ಮಿಂದ ತಲೆಯಲ್ಲಿ ಚೆಂಡು ಹೊಡೆಸಬಾರದು. ವಿರಾಮದಲ್ಲಿ ಲಿಂಬೆ ಶರಬತ್ತಿನ ಬದಲು ಬೇಯಿಸಿದ ಹುರುಳಿ ಕೊಡಬೇಕು. ನಡುವೆ ಹೊರಗೆ ಕರೆದು ಬೇರೊಬ್ಬನನ್ನು ಇಳಿಸುವುದು ಮನೆತನಕ್ಕೆ ಅವಮಾನವಾದ್ದರಿಂದ ಅದು ಕೂಡದು. ರೆಫ್ರಿಯು ಕೆಂಪು ಕಾರ್ಡು ತೋರಿಸಿದರೆ ಮುಂದಿನ ಜವಾಬ್ದಾರಿ ರೆಫ್ರಿಯ ಮನೆಯವರದ್ದು. ನಾನು ತಂಡಕ್ಕೆ ಸೇರುವಾಗ ನನ್ನ ಮನೆಯಿಂದ ಬಂದ ಷರತ್ತು, ಕತ್ತಲಾಗುವ ಮೊದಲು ಬರಬೇಕು ಎಂಬುದೊಂದೇ.

ಇಷ್ಟಾದರೂ ನನಗೊಂದು ಭರವಸೆ ಉಳಿದಿತ್ತು. ನಮ್ಮ ತಂಡ ಆಡಲಿರುವ ತೋಡಾರಿನ ಪಂದ್ಯಾಟ ಗ್ರಾಮವಾರು ತಂಡಗಳಿಗೆ ಸೀಮಿತ. ಹೊರಗಿನವರನ್ನು ಆಡಿಸಿ ಗೆಲ್ಲುವುದನ್ನು ತಡೆಯಲೆಂದು ಪ್ರತಿಯೊಬ್ಬ ಆಟಗಾರನೂ ಸರಕಾರ ಕೊಟ್ಟ ಹನ್ನೆರಡು ಅಂಕೆಯ ಸಂಖ್ಯೆಯನ್ನು ಮುಂಚಿತವಾಗಿ ಕಳಿಸಬೇಕೆಂದು ಅವರ ನಿಯಮ. ಪಶುವೈದ್ಯ ಇಲಾಖೆಯವರು ತಮ್ಮ ಕಿವಿಗೆ ಚುಚ್ಚಿದ ಹಳದಿ ಬಿಲ್ಲೆಯಲ್ಲೂ ಹನ್ನೆರಡು ಅಂಕೆಗಳೇ ಇರುತ್ತವೆಂದು ಆಗ ನನಗೆ ಗೊತ್ತಿರಲಿಲ್ಲ. ಶಾಫಿ ಕಿವಿಯ ಫೋಟೋ ತೆಗೆದು ಕಳಿಸಿದ. ತೋಡಾರಿನವರು ಅಂಕೆಗಳನ್ನು ಎಣಿಸಿ, ಸರಿಯಿದೆ, ಆದರೆ ಇನ್ನು ಮುಂದೆ ಫೋಟೋ ಸ್ವಲ್ಪ ದೂರದಿಂದ ತೆಗೆಯಿರಿ ಎಂದು ಉತ್ತರಿಸಿದರು. ಹೀಗೆ ತಾವು ಕಕ್ಕಿಂಜೆಯ ಅಧಿಕೃತ ಆಟಗಾರರಾದಿರಿ. ನನ್ನ ಕಾರ್ಡಿನಲ್ಲಿ ಊರಿನ ಹೆಸರು ತಪ್ಪಾಗಿ ಅಚ್ಚಾಗಿರುವುದರಿಂದ ನನ್ನ ಬಗ್ಗೆ ಅವರು ಸ್ಪಷ್ಟೀಕರಣ ಕೇಳಿದ್ದರು.

ಕಳೆದ ಭಾನುವಾರ ಚಾರ್ಮಾಡಿಯವರನ್ನು ಕರೆಸಿ ನಮ್ಮ ಗದ್ದೆಯಲ್ಲೇ ಅಭ್ಯಾಸ ಪಂದ್ಯ ಇಟ್ಟರಲ್ಲ, ಅದರ ಮೊದಲರ್ಧದಲ್ಲಿ ತಾವು ತೋರಿದ ಆಟವನ್ನು ಬದುವಿನ ಮೇಲೆ ನೀರಿನ ಬಾಟಲಿ ಹಿಡಿದು ಕುಳಿತು ನಾನು ಕಣ್ಣಾರೆ ಕಂಡೆ. ತಾವು ಒಂದು ಹೆಜ್ಜೆಯನ್ನೂ ಎತ್ತಲಿಲ್ಲ. ಚೆಂಡು ತಮ್ಮ ಹೊಟ್ಟೆಗೆ ಬಡಿದು ನಮ್ಮವರಿಗೆ ಸಿಗುತ್ತಿತ್ತು. ತಮ್ಮಿಂದ ಚೆಂಡು ಕಸಿಯಲು ಬಂದ ಚಾರ್ಮಾಡಿಯ ಹುಡುಗ, ತಾವು ಒಮ್ಮೆ ಉಸಿರು ಬಿಟ್ಟದ್ದೇ ತಡ, ತನಗೆ ಮನೆಯಲ್ಲಿ ಕೆಲಸವುಂಟೆಂದು ನೆನಪಿಸಿಕೊಂಡ. ನಾವು ಮೂರು ಗೋಲು ಹೊಡೆದೆವು. ಬದುವಿನ ಮೇಲಿದ್ದವರು ತಮ್ಮ ಹೆಸರನ್ನು ಕೂಗಿದರು. ನಾನೂ ಕೂಗಿದೆ, ಸ್ವರ ಹೊರಗೆ ಬರಲಿಲ್ಲ, ಅದು ಬೇರೆ ಮಾತು.

ತೊಂದರೆ ಎದುರಾದದ್ದು ದ್ವಿತೀಯಾರ್ಧದಲ್ಲಿ. ತಂಡಗಳು ಬದಿ ಬದಲಿಸಿದವು, ತಾವು ಬದಲಿಸಲಿಲ್ಲ. ಮೊದಲಿನ ದಿಕ್ಕಿಗೇ ಮುಖ ಮಾಡಿ, ಮೊದಲಿನ ನಿಷ್ಠೆಯಿಂದಲೇ ಚೆಂಡನ್ನು ಚಾರ್ಮಾಡಿಯವರಿಗೆ ಕೊಡತೊಡಗಿದಿರಿ. ನಾಲ್ಕು ಗೋಲು ನಮ್ಮ ಮೇಲೇ ಬಿದ್ದವು. ಶಾಫಿ ಹಗ್ಗ ಹಿಡಿದೆಳೆದ, ಲತೇಶ್ ಹಿಂದಿನಿಂದ ನೂಕಿದ, ಸಂಕಪ್ಪಣ್ಣ ತುಳುವಿನಲ್ಲಿ ಬೇಡಿಕೊಂಡರು. ತಾವು ಮೆಲುಕು ಹಾಕುತ್ತಿದ್ದಿರಿ. ಆಗ ನನ್ನಿಂದ ನೀರು ತರಿಸಿದರು. ಎಲ್ಲರೂ ಬೊಬ್ಬೆ ಹೊಡೆಯುತ್ತಿದ್ದುದರಿಂದ, ಯಾರ ಕಣ್ಣಿಗೂ ಬೀಳದಿರಲೆಂದು ನಾನು ತಮ್ಮ ಎಡಗಡೆಯ ನೆರಳಿನಲ್ಲಿ ಹೋಗಿ ನಿಂತೆ. ತಾವು ಕಿವಿ ಅಲ್ಲಾಡಿಸಿದಿರಿ. ನಾನು ಮುಜುಗರದಿಂದ ಒಂದು ಹೆಜ್ಜೆ ಸರಿದರೆ ತಾವೂ ಒಂದು ಹೆಜ್ಜೆ ಸರಿದಿರಿ. ನಾನು ತಿರುಗಿದೆ, ತಾವೂ ತಿರುಗಿದಿರಿ.

“ಇವ ನೊಗದಲ್ಲಿ ಯಾವಾಗಲೂ ಬಲಬದಿಯವ. ಎಡಕ್ಕೆ ಜೋಡಿ ಇಲ್ಲದ್ರೆ ಹೆಜ್ಜೆ ಇಡುದಿಲ್ಲ,” ಎಂದರು ಸಂಕಪ್ಪಣ್ಣ. ಆಮೇಲೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಇವನಲ್ಲಿ ಇವ ಎಂತ ಕಂಡನಪ್ಪ,” ಎಂದು ಸೇರಿಸಿದರು.

ಅದೇನೆಂದು ತಾವು ಈವರೆಗೂ ಬಾಯಿ ಬಿಟ್ಟಿಲ್ಲ. ನಾನೂ ಕೇಳಿಲ್ಲ. ಉಳಿದ ಹೊತ್ತು ನಾವಿಬ್ಬರೂ ಗದ್ದೆಯ ಮಧ್ಯದಲ್ಲಿ ಅತ್ತಿಂದಿತ್ತ ನಡೆದೆವು, ನಮ್ಮವರು ಇನ್ನೊಂದು ಗೋಲು ಹೊಡೆದು ಪಂದ್ಯ ಸಮವಾಯಿತು. ಆ ಸಂಜೆ ಮೂಸಾಕನ ಹೊಟೇಲಿನಲ್ಲಿ ಸಕ್ಕರೆ ಡಬ್ಬದ ಪಕ್ಕದಲ್ಲಿ ಹಲ್ಲುಕಡ್ಡಿಯನ್ನು ಪುನಃ ಇಟ್ಟರೆಂದು ಕೇಳಿ ಸಂತೋಷಪಟ್ಟೆ. ಆದರೆ ಅದು ಮೇಜಿನ ಅಂಚಿನ ಹೊರಗೆ ಇತ್ತಂತೆ. ಏಳರಲ್ಲಿ ಒಬ್ಬ ತಾವು, ಉಳಿದ ಆರು ಮಂದಿ ಮೊದಲೇ ನಿಶ್ಚಯ. ನಾನು ಗೆರೆಯ ಹೊರಗೆ ನಡೆದರೆ ತಾವು ಗೆರೆಯ ಒಳಗೆ ನಡೆಯುತ್ತೀರೆಂದು ಲತೇಶ್ ಲೆಕ್ಕ ಹಾಕಿದ್ದ. ಮಧ್ಯದಲ್ಲಿ ಆಡಬೇಕಾದವರು ಗೆರೆಯ ಬದಿಯಲ್ಲಿ ಆಡುವುದು ಹೇಗೆಂದು ಯಾರೂ ಕೇಳಲಿಲ್ಲ. ಶಾಫಿ ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರು ಹೇಳಿದನಂತೆ, ಅಲ್ಲಿಗೆ ಸಂಶಯ ಪರಿಹಾರವಾಯಿತು.

ಇನ್ನು ನಿನ್ನೆಯ ವಿಷಯ. ತೋಡಾರಿಗೆ ಹೋಗಲು ಗೊತ್ತುಮಾಡಿದ ಟೆಂಪೋ ಬಂದು ನಿಂತಿತು. ತಮ್ಮನ್ನು ಹತ್ತಿಸಿ ಒಮ್ಮೆ ನೋಡುವ ಎಂದು ಹಲಗೆ ಹಾಕಿದರು. ತಾವು ಹತ್ತಲಿಲ್ಲ. ನನ್ನನ್ನು ಮನೆಯಿಂದ ಕರೆಸಿದರು. ನಾನು ಹಲಗೆಯ ಮೇಲೆ ಎಡಗಡೆ ಒಂದು ಕಾಲಿಟ್ಟೆ, ತಾವೂ ಒಂದು ಕಾಲಿಟ್ಟಿರಿ. ಅಷ್ಟರಲ್ಲಿ ಶಾಫಿ ಆಡುವವರ ಹೆಸರು ಓದಿದ. ಏಳು ಹೆಸರುಗಳಾದ ಮೇಲೆ, ಕೋಣದ ಜೊತೆಗೆ ಬರುವವ ಶೋಧನ್, ಎಂದ.

ನಾನು ಕಾಲು ಕೆಳಗಿಟ್ಟೆ. ತಾವೂ ಕೆಳಗಿಟ್ಟಿರಿ. ಟೆಂಪೋ ಹತ್ತು ಎಂದು ಶಾಫಿ ಹೇಳಿದ. ಡ್ರೈವರ್ ಹಾರ್ನ್ ಹೊಡೆದ. ನಾನು ತಮ್ಮ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಹೇಳಿಯೇಬಿಟ್ಟೆ.

“ನಾನು ಮಿಡ್‌ಫೀಲ್ಡಿನಲ್ಲಿ ಆಡ್ತೇನೆ. ಆಡುದಾದರೆ ಮಾತ್ರ ಹತ್ತುದು.”

ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ನಾನು ಏನನ್ನೂ ಹೇಳಿದ್ದಿಲ್ಲ. ಶಾಫಿ ತುಂಬ ಹೊತ್ತು ನೋಡಿದ, ನನ್ನ ಮುಖವನ್ನಲ್ಲ, ತಮ್ಮ ಮುಖವನ್ನು. ತಾವು ಮೆಲುಕು ನಿಲ್ಲಿಸಿ ನನ್ನ ಹೆಗಲಿಗೆ ಮೈ ತಾಗುವಷ್ಟು ಹತ್ತಿರ ಸರಿದಿರಿ. “ಆಯ್ತು, ಬೊಳ್ಳ ಹೇಳಿದ ಮೇಲೆ ಆಯ್ತು,” ಎಂದು ಶಾಫಿ ಲತೇಶ್‌ನ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದ.

ಮಾನ್ಯರೇ, ನನ್ನ ದೂರು ಇಲ್ಲಿಗೆ ಬಂದು ನಿಲ್ಲುತ್ತದೆ. ಜಾಗ ಸಿಕ್ಕಿತು. ಆದರೆ ಹೇಳಿದ್ದು ನಾನು. ತಾವು ಬರೀ ಸರಿದಿರಿ. ಈಗ ಊರಿನಲ್ಲೆಲ್ಲ ಬೊಳ್ಳ ಎಷ್ಟು ಚೆಂದ ಮಾತಾಡಿದ ಎಂದೇ ಸುದ್ದಿ. ಆದ್ದರಿಂದ ನಾಳೆ ತೋಡಾರಿನಲ್ಲಿ ಈ ಅನ್ಯಾಯವನ್ನು ಸರಿಪಡಿಸಲು ತಮ್ಮಲ್ಲಿ ಕೆಲವು ವಿನಂತಿಗಳು. ಚೆಂಡು ತಮ್ಮ ಪಕ್ಕೆಗೆ ಬಡಿದಾಗ ಅದನ್ನು ಒಮ್ಮೆಯಾದರೂ ಎಡಕ್ಕೆ ಉರುಳಿಸಬೇಕು. ಅದಕ್ಕೆ ಬೇಕಾದಂತೆ ಹೊಟ್ಟೆಯ ಉಬ್ಬನ್ನು ಈ ಒಂದು ದಿನದೊಳಗೆ ಸ್ವಲ್ಪ ಓರೆ ಮಾಡಿಕೊಳ್ಳಬೇಕು. ಚೆಂಡು ನನ್ನ ಕಾಲಿಗೆ ಬಂದಾಗ ಯಾರಿಗೆ ಕೊಡುವುದೆಂದು ನಾನು ಖಂಡಿತ ಆಲೋಚನೆ ಮಾಡುತ್ತೇನೆ. ಅಷ್ಟು ಹೊತ್ತು ಎದುರಾಳಿಗಳ ಮೇಲೆ ಉಸಿರು ಬಿಡುತ್ತಿರಬೇಕು. ನಾನು ಗೋಲು ಹೊಡೆದರೆ ಸಂತೋಷದಿಂದ ನನ್ನ ಮೇಲೆ ಬೀಳಬಾರದು. ಮತ್ತು ಯಾರಾದರೂ ಮೈಕ್ ಹಿಡಿದು ಬಂದು ಗೆಲುವಿನ ಗುಟ್ಟೇನೆಂದು ಕೇಳಿದರೆ, ದಯವಿಟ್ಟು ಮೌನವಾಗಿರಬೇಕು. ಒಂದು ಸಲ ನಾನೇ ಹೇಳುತ್ತೇನೆ.

ಇಂತಿ,
ತಮ್ಮ ಎಡಬದಿಯ ವಿಶ್ವಾಸಿ,
ಶೋಧನ್

ವಿ.ಸೂ.: ಸ್ಥಾನ ಕಳೆದುಕೊಂಡ ಲತೇಶ್ ಇಂದು ಬೆಳಿಗ್ಗೆಯಿಂದ ಹುರುಳಿಯ ಬಟ್ಟಲು ಹಿಡಿದು ತಮ್ಮ ಬಲಗಡೆ ನಿಂತು ಪರಿಚಯ ಬೆಳೆಸುತ್ತಿದ್ದಾನೆಂದು ಕೇಳಿದೆ. ಹುರುಳಿಯನ್ನು ತಾವು ಧಾರಾಳವಾಗಿ ತಿನ್ನಬಹುದು. ತಮ್ಮ ಬಲಗಾಲು ಎಷ್ಟು ಭಾರವಿದೆಯೆಂದು ಅವನಿಗೆ ಯಾರೂ ತಿಳಿಸಿದಂತಿಲ್ಲ. ತಾವೂ ಬಾಯಿಬಿಟ್ಟು ತಿಳಿಸಬೇಕಾಗಿಲ್ಲ. ಅವನ ಪಾದದ ಮೇಲೆ ಮೆಲ್ಲಗೆ ಇಟ್ಟರೆ ಸಾಕು.